ಇಡೀ ಬೀದಿಗೆ ಒಂದೇ ನಂಬರು

ನಾನು ಗ್ರಾಮ ಆರೋಗ್ಯ ನರ್ಸು. ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದ ಮೇಲಿನ ಕೆಲವು ಕನ್ನಡ ಹಳ್ಳಿಗಳ ಬಸುರಿ, ಬಾಣಂತಿ, ಕೂಸುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆ ಹಳ್ಳಿಗಳಲ್ಲಿ ಗೆಟ್ಟವಾಡಿ ಕಡೆಗೆ ಕೂಲಿಯವರದೊಂದು ಬೀದಿಯಿದೆ. ಆ ಬೀದಿಯ ಯಾವ ಹೆಂಗಸಿನ ಆಧಾರ್ ಕಾರ್ಡಿಗೆ ಯಾವ ಫೋನ್ ನಂಬರು ಸೇರಿಸಿದ್ದಾರೆ ಎಂದು ಕೇಳಿದರೂ ಉತ್ತರ ಒಂದೇ, ಬೀದಿ ತುದಿಯ ಅಂಗಡಿಯವರ ನಂಬರು.

ಇದೇನು ಯಾರೋ ಮಾಡಿದ ಮೋಸವಲ್ಲ. ಕಾರ್ಡು ಮಾಡುವ ಯಂತ್ರ ಶಾಲೆಗೆ ಬಂದಿದ್ದಾಗ ಆ ಬೀದಿಯಲ್ಲಿ ಯಾವಾಗಲೂ ಚಾರ್ಜು, ಕರೆನ್ಸಿ ಎರಡೂ ಇರುತ್ತಿದ್ದ ಫೋನು ಅವರೊಬ್ಬರದೇ. ಯಂತ್ರದ ಮುಂದೆ ಕೂತವನು ತಮಿಳಿನಲ್ಲಿ ಫೋನ್ ನಂಬರು ಕೇಳಿದಾಗ ಸಾಲಿನ ಮೊದಲ ಹೆಂಗಸು ಅಂಗಡಿಯ ನಂಬರು ಹೇಳಿದಳು. ಹಿಂದಿನವಳು, "ನಂದೂ ಅದೇ ಆಕ್ಬುಡಿ" ಅಂದಳು. ಅವಳ ಹಿಂದಿನವಳೂ ಹಾಗೇ ಅಂದಳು. ಸಾಲು ಮುಗಿಯುವ ಹೊತ್ತಿಗೆ ಇಡೀ ಬೀದಿ ಒಂದೇ ನಂಬರಿನೊಳಗೆ ಸೇರಿಹೋಗಿತ್ತು.

ಅಂಗಡಿಯವರು ವಯಸ್ಸಾದವರು, ಒಳ್ಳೆಯ ಮನುಷ್ಯ. ಕಾಗದಗಳ ಕಾಲದಲ್ಲಿ ಬೀದಿಗೆ ಬಂದ ಕಾಗದವನ್ನೆಲ್ಲ ಅವರೇ ಜಗಲಿಯ ಮೇಲೆ ಕೂತು ಓದಿ ಹೇಳುತ್ತಿದ್ದರಂತೆ. ಕಾಗದ ನಿಂತು ಮೆಸೇಜು ಬಂದಾಗಲೂ ಅವರು ರೂಢಿ ಬಿಡಲಿಲ್ಲ. ನಮ್ಮ ಹೆಂಗಸರಿಗೆ ತಮಿಳು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಬರುವ ಮೆಸೇಜುಗಳೋ ತಮಿಳು, ಇಲ್ಲದಿದ್ದರೆ ಇಂಗ್ಲಿಷು. ಅವರು ಕನ್ನಡಕ ಏರಿಸಿ, ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು, ಬೀದಿಯ ಆ ತುದಿಗೆ ಕೇಳುವಂತೆ ಕೂಗುತ್ತಿದ್ದರು. "ದೊಡ್ಡವ್ವಾ, ನಿನ್ ಪಿಂಚಣಿ ಬಂದದೆ ಕಣವ್ವೋ!" "ಏಯ್, ನಿಮ್ ಗ್ಯಾಸು ನಾಳೀಕ್ ಬತ್ತದಂತೆ, ಮನೇಲಿರ್ರಲಾ!" ಒಂದು ಕಾಸು ತೆಗೆದುಕೊಂಡವರಲ್ಲ. ಯಾರಾದರೂ ಒಂದು ಕಟ್ಟು ಸೊಪ್ಪು ಕೊಟ್ಟರೆ ಅದೇ ಹೆಚ್ಚು.

ನಮಗೋ ತರಬೇತಿಯಲ್ಲಿ ತಾಯಂದಿರ ಮಾಹಿತಿ ಗುಟ್ಟಾಗಿರಬೇಕು ಎಂದು ತಲೆ ಚಿಟ್ಟು ಹಿಡಿಯುವಷ್ಟು ಹೇಳಿ ಕಳಿಸಿದ್ದರು. ನನ್ನ ಟ್ಯಾಬಿಗೆ ಒಂದು ಪಾಸ್‌ವರ್ಡು, ಅದರೊಳಗಿನ ಆ್ಯಪಿಗೆ ಇನ್ನೊಂದು ಪಾಸ್‌ವರ್ಡು. ಇಷ್ಟೆಲ್ಲ ಬೀಗ ಹಾಕಿಕೊಂಡು ನಾನು ಸ್ಕೂಟರಿನಲ್ಲಿ ಆ ಬೀದಿಗೆ ಹೋದರೆ, ಅಲ್ಲಿ ಅಂಗಡಿಯವರ ಕಂಠ ನನ್ನನ್ನು ಎದುರುಗೊಳ್ಳುತ್ತಿತ್ತು. ನಗು ಬರುತ್ತಿತ್ತು. ಈಗ ಹೇಳುವ ಸಂಗತಿ ನಡೆದ ವರ್ಷದವರೆಗೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ.

ಆ ಬೀದಿಯ ಮೂಲೆಮನೆಯ ಸೊಸೆ ನನ್ನನ್ನು ತಡೆದು ನಿಲ್ಲಿಸಿದ್ದು ಕೋಸಿನ ಹೊಲದ ಬದುವಿನ ಮೇಲೆ. ಕೋಸು ಕಡಿಯುವ ಕೂಲಿಗೆ ಬಂದಿದ್ದವಳು ಉಳಿದವರನ್ನು ಮುಂದೆ ಬಿಟ್ಟು ಹಿಂದೆ ಉಳಿದಳು.

"ನರ್ಸಕ್ಕ, ವಸಿ ನಿಂತ್ಕಳಿ. ಮುಟ್ಟು ನಿಂತದೆ."

ಖುಷಿಪಡಲು ನನಗೆ ಧೈರ್ಯವಾಗಲಿಲ್ಲ. ಹಿಂದಿನ ಎರಡು ಬಸಿರೂ ನಿಂತಿರಲಿಲ್ಲ, ಎರಡಕ್ಕೂ ನಾನೇ ಸಾಕ್ಷಿ. ಮನೆಯಲ್ಲಿ ಗೊತ್ತೇ ಎಂದು ಕೇಳಿದೆ.

"ಅವ್ರ್ಗೊಬ್ರಿಗೆ ಯೋಳಿವ್ನಿ. ಅತ್ತೆಗೂ ಯೋಳಿಲ್ಲ. ಕೂಸು ಮಿಸುಕೋ ಗಂಟ ಯಾರ್ಗೂ ತಿಳೀದು ಬ್ಯಾಡ ಕಣಕ್ಕ. ಇಂದ್ಲ ಸಲ ಬೀದಿಗೆಲ್ಲ ನಾನೇ ಯೋಳ್ಕ ಬಂದಿದ್ದಿ. ಆಮೇಲೆ ಓಯ್ತು ಅಂತಾನೂ ನಾನೇ ಒಬ್ಬೊಬ್ರುಗೂ ಯೋಳ್ಬೇಕಾಯ್ತು. ಬಾವಿ ತಾವ, ಕೂಲಿ ತಾವ, ಬಸ್ನಲ್ಲಿ... ಇನ್ನೊಂದ್ ಸಲ ನನ್ ಕೈಲಾಗದಿಲ್ಲ."

ದೃಷ್ಟಿ, ಗಾಳಿ ಎಂದಿದ್ದರೆ ನಾನು ವಾದ ಮಾಡುತ್ತಿದ್ದೆ. ಇದಕ್ಕೆ ಏನು ವಾದ ಮಾಡಲಿ? ಆಯ್ತು, ಯಾರಿಗೂ ಹೇಳುವುದಿಲ್ಲ ಎಂದೆ. ಆದರೆ ನೋಂದಣಿ ಮಾಡಲೇಬೇಕಿತ್ತು. ಒಂದೊಂದು ಬಸುರಿಗೂ ಒಂದೊಂದು ನೋಂದಣಿ ಸಂಖ್ಯೆ ಬರುತ್ತದೆ. ಅದಿಲ್ಲದಿದ್ದರೆ ಸ್ಕ್ಯಾನಿಂಗಿಗೆ ಚೀಟಿಯಿಲ್ಲ, ಪೌಷ್ಟಿಕ ಆಹಾರದ ಹಣವಿಲ್ಲ, ನಾಳೆ ಹೆರಿಗೆಯಾದರೆ ಜನನ ಪತ್ರಕ್ಕೂ ಅಲೆದಾಟ. ಆ ಸಂಖ್ಯೆಯಿಲ್ಲದ ಬಸುರಿ ಕಂಪ್ಯೂಟರಿನ ಪಾಲಿಗೆ ಬಸುರಿಯೇ ಅಲ್ಲ. ನೋಂದಣಿಗೆ ಆಧಾರ್ ಬೇಕು, ಆಧಾರಿಗೆ ಸೇರಿಸಿದ ಫೋನಿಗೆ ಬರುವ ಒಟಿಪಿ ಬೇಕು.

"ಅದೂ ಮಾವನ್ ಫೋನ್ಗೇ ಬತ್ತದಾ?" ಅಂದಳು. ಅಂಗಡಿಯವರನ್ನು ಬೀದಿಯ ಸೊಸೆಯರೆಲ್ಲ ಮಾವ ಎಂದೇ ಕರೆಯುವುದು.

ಬೇರೆ ದಾರಿಯಿದೆಯೇ ಎಂದು ಇಬ್ಬರೂ ಬದುವಿನ ಮೇಲೆ ನಿಂತೇ ಯೋಚಿಸಿದೆವು. ತಾಳವಾಡಿಗೆ ಹೋಗಿ ಕಾರ್ಡಿನ ನಂಬರು ಬದಲಾಯಿಸಬಹುದು. ಆದರೆ ಯಾರ ನಂಬರು ಕೊಡುವುದು? ಅವಳ ಹತ್ತಿರ ಫೋನಿಲ್ಲ. ಗಂಡ ತರಕಾರಿ ಲಾರಿಯಲ್ಲಿ ಲೋಡಿಂಗ್ ಕೆಲಸದವನು. ಲೋಡಿನ ಜೊತೆ ಹೋದರೆ ವಾರಕ್ಕೆ ಬಂದರೆ ಬಂದ, ಫೋನೂ ಅವನ ಜೇಬಿನಲ್ಲೇ. ನನ್ನ ನಂಬರು ಕೊಡೋಣವೆಂದರೆ, ನರ್ಸುಗಳು ತಮ್ಮ ನಂಬರನ್ನು ತಾಯಂದಿರ ಹೆಸರಿಗೆ ಹಾಕಬಾರದು ಎಂದು ಮೀಟಿಂಗಿನಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದರು. ಕೊನೆಗೆ ಅವಳೇ, "ಗ್ಯಾಸ್ಗೆ ಅಂತ ಸುಳ್ ಯೋಳ್ತೀನಿ ಬುಡಿ" ಅಂದಳು.

ಹಾಗೇ ಮಾಡಿದೆವು. ನಾನು ಹುಣಸೆಮರದ ಕೆಳಗೆ ಸ್ಕೂಟರಿನ ಮೇಲೆ ಟ್ಯಾಬು ಇಟ್ಟುಕೊಂಡು ನಿಂತೆ. ಅವಳು ಅಂಗಡಿಗೆ ಹೋದಳು. ಅಂಗಡಿಯವರು ಯಾವ ಅನುಮಾನವೂ ಇಲ್ಲದೆ ಅಂಕಿಗಳನ್ನು ಕೂಗಿ ಹೇಳಿದರು. ಮರದ ಕೆಳಗೆ ನನಗೇ ನೇರವಾಗಿ ಕೇಳಿಸಿತು. ಅವಳು ಹಿಂತಿರುಗಿ ಬರುವಷ್ಟರಲ್ಲಿ ನಾನು ಒತ್ತಿಯಾಗಿತ್ತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ನೋಂದಣಿಯಾದವರಿಗೆ ಶುಭಾಶಯದ ಮೆಸೇಜು ಕಳಿಸುವ ವ್ಯವಸ್ಥೆ ಆಗತಾನೇ ಹೊಸದಾಗಿ ಶುರುವಾಗಿತ್ತು. ನಮಗೆ ಯಾರೂ ಹೇಳಿರಲಿಲ್ಲ.

ಮುಂದಿನ ಸಲ ನಾನು ಆ ಬೀದಿಯ ಅಂಗನವಾಡಿಯಲ್ಲಿ ಕೂಸುಗಳ ತೂಕ ನೋಡುತ್ತಿದ್ದೆ. ಹೊರಗೆ ಅಂಗಡಿಯವರ ದನಿ ಕೇಳಿತು. ಸಾಮಾನ್ಯವಾಗಿ ಜಗಲಿ ಬಿಟ್ಟು ಇಳಿಯದವರು ಅವತ್ತು ಫೋನು ಮೇಲೆತ್ತಿ ಹಿಡಿದು ಬೀದಿಗೇ ಬಂದಿದ್ದರು.

"ಎಲ್ಲವ್ವ ಮೂಲೆಮನೆಯವ್ಳು? ಎಂತಾ ಸುದ್ದಿ ಬಚ್ಚಿಟ್ಕಂಡಿದ್ದೀಯೆ ಮಗಳೇ! ತಾಯಾಗ್ತಿರೋ ನಿಮ್ಗೆ ಶುಭಾಶಯಗಳು ಅಂತ ನಿನ್ ಎಸ್ರಾಕಿ ಸರ್ಕಾರ್ದೋರೇ ಬರ್ದವ್ರೆ ಕಣವ್ವ!"

ಕಲ್ಲುಸಕ್ಕರೆ ಡಬ್ಬಿಯನ್ನೂ ಕಂಕುಳಲ್ಲಿ ತಂದಿದ್ದರು. ಕಂಡವರ ಕೈಗೆಲ್ಲ ಒಂದೊಂದು ಹರಳು ಹಾಕುತ್ತಿದ್ದರು. ಅವಳು ಹುಲ್ಲಿನ ಹೊರೆ ಹೊತ್ತು ಬೀದಿಯ ಆ ಕಡೆಯಿಂದ ಬರುತ್ತಿದ್ದಳು. ಕೇಳಿ ನಿಂತುಬಿಟ್ಟಳು. ಹೊರೆ ಇಳಿಸಲಿಲ್ಲ, ಮುಂದೆ ಬರಲಿಲ್ಲ. ಹುಲ್ಲು ಮುಖದ ಮೇಲೆ ಇಳಿಬಿದ್ದಿದ್ದರಿಂದ ಅವಳ ಮುಖ ನನಗೆ ಕಾಣಲಿಲ್ಲ, ಕಾಣದಿದ್ದದ್ದೇ ಒಳ್ಳೆಯದಾಯಿತು. ಅಂಗನವಾಡಿಯ ಬಾಗಿಲಲ್ಲಿ ನಿಂತಿದ್ದ ಅವಳ ಅತ್ತೆ ನನ್ನ ಕಡೆ ತಿರುಗಿದಳು.

"ನನ್ ಸೊಸೆ ಬಸ್ರಿ ಅನ್ನದು ಅಂಗ್ಡಿಯೋರ್ಗೆ ಮೊದ್ಲು ಗೊತ್ತಾಗ್ಬೇಕಾ ನರ್ಸಮ್ಮ? ನಾನೇನ್ ಅಷ್ಟೊಂದ್ ಕೆಟ್ಟೋಳಾ?"

ನನಗೆ ಮೈಯೆಲ್ಲ ಉರಿದುಹೋಯಿತು. ತೂಕದ ತೊಟ್ಟಿಲಲ್ಲಿದ್ದ ಕೂಸನ್ನು ಅದರ ತಾಯಿಯ ಕೈಗೆ ಕೊಟ್ಟು ನೇರ ಅಂಗಡಿಯವರ ಹತ್ತಿರ ಹೋದೆ. ಅಣ್ಣಾ, ಇದನ್ನೆಲ್ಲ ಹೀಗೆ ಬೀದಿಯಲ್ಲಿ ಓದುವುದೇ ಎಂದು ಜೋರು ಮಾಡಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಒಳ್ಳೆ ಸುದ್ದಿ ಅಲ್ವಾ ನರ್ಸಮ್ಮ? ಕೆಟ್ ಸುದ್ದಿ ಆಗಿದ್ರೆ ಮೆತ್ಗೆ ಓದ್ತಿದ್ದೆ."

ಅವರ ಮೇಲೆ ಸಿಟ್ಟು ಮಾಡಿಕೊಂಡು ಸುಖವಿರಲಿಲ್ಲ. ಇನ್ನು ಅವಳಿಗೆ ಬಂದದ್ದನ್ನು ಕೂಗಬೇಡಿ ಎಂದಷ್ಟೇ ಕೇಳಿಕೊಂಡೆ. ತಲೆ ಆಡಿಸಿದರು. ಅಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿಹೋಗಿತ್ತು. ಯಾರೋ ನೆಲ್ಲಿಕಾಯಿ ಕೊಟ್ಟರು, ಯಾರೋ ಹುಳಿ ಸಾರು ಕೊಟ್ಟರು, ನೀರಿನ ಕೊಡ ಹೊರಲು ಬಿಡಲಿಲ್ಲ. ಅತ್ತೆಯ ಮುನಿಸೂ ಕರಗಿತು. ಅವಳು ಮಾತ್ರ ನನ್ನನ್ನು ಕಂಡಾಗಲೆಲ್ಲ, "ಎಲ್ಲಾರ್ಗೂ ಗೊತ್ತಾಯ್ತಲ್ಲ ನರ್ಸಕ್ಕ, ಈಗ ಎಂಗೋ ಏನೋ" ಅನ್ನುತ್ತಿದ್ದಳು. ಏನೂ ಆಗಲ್ಲ ಬಾ ಎಂದು ಬಿಪಿ ನೋಡುತ್ತಿದ್ದೆ. ಬಿಪಿ ಸರಿಯಿತ್ತು, ರಕ್ತ ಸರಿಯಿತ್ತು. ಕೂಸು ಮಿಸುಕಿದ ದಿನ ಅವಳೇ ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಆ ದಿನ ಅವಳು ಸ್ವಲ್ಪ ನಕ್ಕಳು.

ಅದಾದ ಸ್ವಲ್ಪ ದಿನಕ್ಕೇ ಹೋಯಿತು. ಬೆಳಿಗ್ಗೆ ರಕ್ತ ಕಂಡಿತು. ಗಂಡ ಲೋಡಿನ ಜೊತೆ ಹೋಗಿದ್ದ. ಅಂಗಡಿಯವರೇ ತಮ್ಮ ಸಾಮಾನಿನ ಆಟೋದಲ್ಲಿ ತಾಳವಾಡಿಗೆ ತಂದರು. ಅಲ್ಲಿ ನೋಡಿ ಮುಂದಕ್ಕೆ ಕಳಿಸಿದರು, ನಾನೂ ಜೊತೆಗೆ ಹತ್ತಿದೆ. ಘಟ್ಟ ಇಳಿದು ಸತ್ಯಮಂಗಲಕ್ಕೆ ಹೋಗುವುದಕ್ಕಿಂತ ಗಡಿ ದಾಟಿ ಚಾಮರಾಜನಗರದ ಕಡೆ ಹೋಗುವುದು ಹತ್ತಿರ ಎಂದು ಆ ಕಡೆಯ ಆಸ್ಪತ್ರೆಗೇ ಹೋದೆವು. ದಾರಿಯುದ್ದಕ್ಕೂ ಅವಳು ನನ್ನ ಸೀರೆ ಬಿಡಲಿಲ್ಲ. ಆಸ್ಪತ್ರೆಯವರು ಅವಳ ಜೀವ ಉಳಿಸಿದರು, ಕೂಸು ಉಳಿಯಲಿಲ್ಲ. ಅದನ್ನು ಅಲ್ಲಿಯವರೇ ಒಯ್ದರು. ಅವಳಿಗೆ ಎಚ್ಚರವಾಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೆಸರಿಡದ ಕೂಸಿಗೆ ನಮ್ಮಲ್ಲಿ ಸೂತಕವಿಲ್ಲ, ಮೂರು ದಿನದ ಹಾಲು ತುಪ್ಪವೂ ಇಲ್ಲ. ಮನೆಗೆ ಬಂದ ಮೇಲೆ ಅತ್ತೆ ಬಿಸಿನೀರು ಕಾಯಿಸಿ ಹಾಕಿದಳು, ಅಷ್ಟೇ.

ಕೂಸು ಹೋದದ್ದು ಗಡಿಯ ಆ ಕಡೆ. ನಮ್ಮ ಕಡೆಯ ಕಂಪ್ಯೂಟರಿಗೆ ಅದು ತಿಳಿಯಲಿಲ್ಲ. ನಾವಾಗಿ ತಿಳಿಸುವವರೆಗೆ ಅವಳು ಅದರ ಲೆಕ್ಕದಲ್ಲಿ ಇನ್ನೂ ಬಸುರಿಯೇ. ತಿಳಿಸಬೇಕಾದರೆ ಆ ಆಸ್ಪತ್ರೆಯ ಬಿಡುಗಡೆ ಚೀಟಿಗೆ ನಮ್ಮ ಡಾಕ್ಟರ ಸಹಿ ಬೇಕು, ಅದರ ಫೋಟೋ ಏರಿಸಬೇಕು, ಕಾರಣ ಆರಿಸಬೇಕು, ಕೊನೆಗೆ ತಾಯಿಯ ಫೋನಿಗೆ ಒಟಿಪಿ ಬರುತ್ತದೆ, ಅದನ್ನು ಹಾಕಬೇಕು. ಡಾಕ್ಟರು ರಜೆಯಲ್ಲಿದ್ದರು. ಅವರು ಬಂದಾಗ ಗಾಳಿ ಮಳೆಗೆ ಟವರ್ ಬಿದ್ದು ನೆಟ್‌ವರ್ಕೇ ಇರಲಿಲ್ಲ. ನೆಟ್‌ವರ್ಕ್ ಬಂದಾಗ ಫೋಟೋ ಮಸುಕಾಗಿದೆ ಎಂದು ವಾಪಸು ಬಂತು. ಟ್ಯಾಬನ್ನು ಎತ್ತಿ ಹಳ್ಳಕ್ಕೆ ಎಸೆದುಬಿಡಲೇ ಅನ್ನಿಸುತ್ತಿತ್ತು.

ಈ ನಡುವೆ ಮೆಸೇಜುಗಳು ತಮ್ಮ ಪಾಡಿಗೆ ತಾವು ಬರುತ್ತಿದ್ದವು. ಕಬ್ಬಿಣದ ಮಾತ್ರೆ ತಪ್ಪಿಸಬೇಡಿ, ಎಡ ಮಗ್ಗುಲಿಗೆ ಮಲಗಿ, ಹೀಗೆ. ಅಂಗಡಿಯವರು ಒಂದನ್ನೂ ಕೂಗಿ ಓದಲಿಲ್ಲ. ಉಳಿದವರದನ್ನು ಹಿಂದಿನಂತೆಯೇ ಕೂಗುತ್ತಿದ್ದರು. ಅದನ್ನು ನಿಲ್ಲಿಸಲು ಬೀದಿಯವರೇ ಬಿಡುತ್ತಿರಲಿಲ್ಲ. ಆದರೆ ಫೋನು ಟಿಣ್ ಎಂದ ಮೇಲೆ ಅವರು ನೋಡಿ, ಏನೂ ಹೇಳದೆ ಜೇಬಿಗೆ ಹಾಕಿಕೊಂಡರೆ, ಜಗಲಿಯ ಮೇಲಿದ್ದವರೆಲ್ಲ ಮೂಲೆಮನೆ ಕಡೆ ಒಮ್ಮೆ ತಿರುಗಿ ನೋಡುತ್ತಿದ್ದರು. ಕೂಗದಿದ್ದರೆ ಅದು ಅವಳದು ಎಂದು ಇಡೀ ಬೀದಿಗೆ ತಿಳಿದುಹೋಗಿತ್ತು. ಬಾಗಿಲಲ್ಲಿ ಕೂತ ಅವಳಿಗೂ ತಿಳಿಯುತ್ತಿತ್ತು.

"ಇವತ್ತೂ ಒಂದ್ ಬಂತು ಕಣಕ್ಕ," ಅಂದಳು ಒಂದು ದಿನ. "ಮಾವ ಕೂಗ್ನಿಲ್ಲ. ಏನ್ ಬರ್ದಿತ್ತು?"

ನನಗೆ ಗೊತ್ತಿತ್ತು. ಅಂಗಡಿಯವರು ಆಗತಾನೇ ನನ್ನನ್ನು ಒಳಗೆ, ಅಕ್ಕಿಮೂಟೆಗಳ ಹಿಂದೆ ಕರೆದು ತೋರಿಸಿದ್ದರು. ಕೂಸು ಹೊಟ್ಟೆಯಲ್ಲಿ ದಿನಕ್ಕೆ ಎಷ್ಟು ಸಲ ಒದೆಯುತ್ತದೆ ಲೆಕ್ಕ ಇಟ್ಟುಕೊಳ್ಳಿ ಎಂದಿತ್ತು. ಆ ಮನುಷ್ಯ ಅಳುತ್ತಿದ್ದರು. "ನಾ ಮಾಡಿದ್ ತಪ್ಪೇನು ನರ್ಸಮ್ಮ? ಅಳ್ಸಿದ್ರೂ ಬತ್ತದೆ, ಅಳ್ಸಿದ್ರೂ ಬತ್ತದೆ. ಆ ಮಗಳ್ ಮೊಕ ನೋಡಕಾಯ್ತಿಲ್ಲ ನಂಗೆ" ಎಂದು ಫೋನನ್ನೇ ನನ್ನ ಕೈಗೆ ತುರುಕಲು ಬಂದರು. ಅವಳಿಗೆ ನಾನು, ಮಾತ್ರೆ ವಿಷಯ ಕಣವ್ವ ಎಂದೆ. ಅವಳು ನಂಬಲಿಲ್ಲ.

ಅವತ್ತೇ ಮೇಲಿನ ಆಫೀಸಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಕೂಗಾಡಿದೆ. ಆ ಕಡೆಯಿದ್ದ ಕಂಪ್ಯೂಟರ್ ಕೆಲಸದವಳು ಪಾಪ, ಒಳ್ಳೆಯ ಹುಡುಗಿ. "ಅಕ್ಕಾ, ಯಾಕೆ ಇಷ್ಟು ಕಷ್ಟಪಡ್ತೀರಿ? 'ಊರು ಬಿಟ್ಟು ಹೋಗಿದ್ದಾರೆ' ಅಂತ ಒಂದು ಕಾರಣ ಇದೆಯಲ್ಲ, ಅದನ್ನು ಒತ್ತಿ. ಚೀಟಿ ಬೇಡ, ಒಟಿಪಿ ಬೇಡ. ಈ ಸಂಜೆಗೇ ಮೆಸೇಜು ನಿಲ್ಲುತ್ತೆ" ಅಂದಳು.

ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಒಂದೇ ಒತ್ತು. ಬೆರಳು ಅಲ್ಲಿಗೆ ಹೋಗಿಯೂ ಬಿಟ್ಟಿತ್ತು. ಅವಳ ಹೆಸರಿನ ಮುಂದೆ ಸುಳ್ಳು ಬರೆಯುವಾಗ ಅವಳಿಗೊಂದು ಮಾತು ಹೇಳಬೇಡವೇ ಎನ್ನಿಸಿ ನಿಲ್ಲಿಸಿದೆ. ಅವಳ ಮನೆಗೆ ಹೋದೆ. ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದಳು. ಹೀಗೆ ಮಾಡಿದರೆ ಇವತ್ತೇ ನಿಲ್ಲುತ್ತದೆ, ಮಾಡಿಬಿಡಲೇ ಎಂದು ಕೇಳಿದೆ.

"ನಾನೆಲ್ಲೂ ಓಗಿಲ್ವಲ್ಲ ನರ್ಸಕ್ಕ. ಇಲ್ಲೇ ಕುಂತಿವ್ನಿ. ಓಗಿದ್ದು ಕೂಸು."

"ಗೊತ್ತು ಕಣವ್ವ. ಆದ್ರೆ ಮೆಸೇಜು ನಿಲ್ಲಬೇಕಲ್ಲ?"

"ಕೂಸು ಬತ್ತದೆ ಅಂತ ನನ್ ಕೇಳ್ದೆ ಊರ್ಗೆಲ್ಲ ಸಾರುದ್ರು. ಓಯ್ತು ಅಂತ ಮಾತ್ರ ಸುಳ್ ಬರೀಬೇಕಾ? ಅದು ಬಂದೇ ಇಲ್ಲ ಅನ್ನಂಗೆ ಮಾಡ್ಬುಡ್ಬ್ಯಾಡಿ. ಇದ್ದುದ್ ಇದ್ದಂಗೆ ಬರೀರಿ. ಇನ್ನ ನಾಕ್ ಮೆಸೇಜು ಬಂದ್ರೂ ಬರ್ಲಿ, ತಡ್ಕತೀನಿ."

ಅವಳ ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು ಸೊಸೆಯ ಪಕ್ಕ ಕೂತಳು. ತಾನೂ ಒಂದು ಗಡ್ಡೆ ಎತ್ತಿಕೊಂಡು ಬಿಡಿಸತೊಡಗಿದಳು.

ನಾನು ಆ ಸುಲಭದ ದಾರಿ ಬಿಟ್ಟೆ. ಮತ್ತೆ ಚೀಟಿ ಹಿಡಿದು ಡಾಕ್ಟರ ಮುಂದೆ ನಿಂತೆ, ಮತ್ತೆ ಸಹಿ, ಅಂಗಳದ ಬಿಸಿಲಿನಲ್ಲಿ ಮತ್ತೆ ಫೋಟೋ. ಈ ಸಲ ಒಪ್ಪಿತವಾಯಿತು. ಉಳಿದದ್ದು ಒಟಿಪಿ.

ಮಧ್ಯಾಹ್ನದ ಹೊತ್ತು ಅವಳನ್ನು ಕರೆದುಕೊಂಡೇ ಅಂಗಡಿಗೆ ಹೋದೆ. ಕೂಲಿಗೆ ಹೋದವರಿನ್ನೂ ಬಂದಿರಲಿಲ್ಲ, ಜಗಲಿ ಖಾಲಿಯಿತ್ತು. ಟ್ಯಾಬಿನಲ್ಲಿ ಕಾರಣಗಳ ಸಾಲು ತೆರೆದೆ. ಅಲ್ಲಿ ಅವಳದಕ್ಕೆ ಹೊಂದುವ ಕಾರಣವನ್ನು ಒತ್ತಿದೆ. ಇಷ್ಟು ವರ್ಷದಲ್ಲಿ ಎಷ್ಟೋ ಸಲ ಒತ್ತಿದ್ದೇನೆ, ಪಕ್ಕದಲ್ಲಿ ತಾಯಿಯನ್ನು ನಿಲ್ಲಿಸಿಕೊಂಡು ಒತ್ತಿದ್ದು ಅದೇ ಮೊದಲು. ಅಂಗಡಿಯವರ ಫೋನು ಟಿಣ್ ಎಂದಿತು. ಅವರು ನೋಡಲೇ ಇಲ್ಲ. ಮುಖ ಗೋಡೆಯ ಕಡೆ ತಿರುಗಿಸಿ ಫೋನನ್ನು ಹಾಗೇ ಅವಳ ಮುಂದೆ ಚಾಚಿದರು.

"ನೀನೇ ನೋಡ್ಕವ್ವ."

ಅಕ್ಷರ ಬಾರದಿದ್ದರೂ ಅವಳಿಗೆ ಅಂಕಿ ಬರುತ್ತದೆ. ತರಕಾರಿ ಪೆಟ್ಟಿಗೆಗಳ ಮೇಲಿನ ತೂಕ ಓದಿ ಓದಿ ಕಲಿತದ್ದು. ಒಂದೊಂದೇ ಅಂಕಿ ಹೇಳಿದಳು, ನಾನು ಒತ್ತಿದೆ. ದಾಖಲೆ ಮುಚ್ಚಲಾಗಿದೆ ಎಂದು ಪರದೆಯ ಮೇಲೆ ಬಂತು. ಅವಳ ಕೈಯಲ್ಲಿದ್ದ ಫೋನು ಇನ್ನೊಮ್ಮೆ ಸದ್ದು ಮಾಡಿತು.

ಅಂಗಡಿಯವರು ತಿರುಗಿದರು. ಆ ಬೀದಿಯಲ್ಲಿ ಯಾರನ್ನೂ ಅವರು ಕೇಳಿರದ ಮಾತನ್ನು ಕೇಳಿದರು. "ಓದ್ಲವ್ವಾ, ಬ್ಯಾಡ್ವಾ?"

"ಬ್ಯಾಡ ಮಾವ. ಅಳ್ಸ್ಬುಡಿ."

ಅವರು ಅವಳ ಕಣ್ಣೆದುರೇ ಅಳಿಸಿ, ಫೋನನ್ನು ಗಲ್ಲಾಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿದರು.

ನಾನು ಅವಳ ಜೊತೆ ಮನೆಯವರೆಗೆ ನಡೆದೆ. ಕೆಲಸ ಮುಗಿದಿತ್ತು, ಆದರೆ ಹಾಗೇ ಬಿಟ್ಟು ಸ್ಕೂಟರ್ ಹತ್ತಲು ಮನಸ್ಸಾಗಲಿಲ್ಲ. ಬಾಗಿಲ ಹತ್ತಿರ ಅವಳು ನಿಂತಳು.

"ನರ್ಸಕ್ಕ, ಅವತ್ತು ನಂಗೊಂದು ನಂಬ್ರ ಕೊಟ್ರಲ್ಲ, ಬಸ್ರಿ ನಂಬ್ರ. ಅದ್ನ ಈಗ ಇನ್ಯಾರ್ಗಾದ್ರೂ ಕೊಟ್ಬುಡ್ತಾರಾ?"

"ಇಲ್ಲವ್ವ. ಒಂದು ಸಲ ಕೊಟ್ಟದ್ದನ್ನು ಇನ್ಯಾರಿಗೂ ಕೊಡುವುದಿಲ್ಲ."

"ಮುಂದ್ಕೆ ನಂಗೇ ಇನ್ನೊಂದಾದ್ರೂ?"

"ಅದಕ್ಕೆ ಬೇರೆ ನಂಬರು."

ಅವಳು ಹೊಸ್ತಿಲ ಮೇಲೆ ಕೂತಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಆಗಲೇ.

"ಎಣ್ಣೋ ಗಂಡೋ ಗೊತ್ತಿಲ್ಲ. ಎಸ್ರಿಲ್ಲ. ಮೊಕಾನೂ ನೋಡ್ನಿಲ್ಲ. ಆ ನಂಬ್ರ ಒಂದಾರೂ ಅದ್ರದೇ ಆಗಿರ್ಲಿ. ಯೋಳ್ಕೊಡಿ ಅಕ್ಕ, ಬಾಯ್ಪಾಠ ಮಾಡ್ಕತೀನಿ."

ಎಷ್ಟೋ ಸಲ ಒತ್ತಿ ಒತ್ತಿ ಆ ಸಂಖ್ಯೆ ನನಗೆ ಬಾಯಿಗೇ ಬಂದಿತ್ತು. ಅವಳ ಪಕ್ಕ ಕೂತು ಒಂದೊಂದೇ ಅಂಕಿ ಹೇಳಿದೆ. ಅವಳು ನನ್ನ ಹಿಂದೆಯೇ ಹೇಳಿದಳು. ಇಬ್ಬರೂ ಬೀದಿಗೆ ಕೇಳಿಸದಷ್ಟು ಮೆತ್ತಗೆ ಹೇಳಿದೆವು.